ಯಾರ ಪಾಳಿಯೂ ಅಲ್ಲದ ತಿಂಗಳು

ನಮ್ಮ ಕಡೆ ರೈಲಿನಲ್ಲಿ ಎದುರು ಕುಳಿತವರು ಮೊದಲು ಊರು ಕೇಳುತ್ತಾರೆ, ಆಮೇಲೆ ಮಕ್ಕಳೆಷ್ಟು ಎಂದು ಕೇಳುತ್ತಾರೆ. ಸೇಡಂ ಬಿಟ್ಟ ಗಾಡಿ ಚಿತ್ತಾಪುರ ಮುಟ್ಟುವಷ್ಟರಲ್ಲಿ ಇವೆರಡೂ ಮುಗಿಯಬೇಕು. ವಾಡಿ ಬಂದರೆ ಅರ್ಧ ಡಬ್ಬಿ ಇಳಿದುಹೋಗುತ್ತದೆ, ಕೇಳಲಿಕ್ಕೆ ಜನ ಉಳಿಯುವುದಿಲ್ಲ. ನನಗೆ ಆ ಎರಡನೆಯ ಪ್ರಶ್ನೆ ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಅತ್ತೆಗೆ ಮಾತ್ರ ಅದಕ್ಕಿಂತ ಇಷ್ಟದ ಪ್ರಶ್ನೆ ಇನ್ನೊಂದಿರಲಿಲ್ಲ. ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, "ಮೂರು ಗಂಡು" ಎನ್ನುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು, ಮರೆತದ್ದು ನೆನಪಾದವರಂತೆ, "ಮತ್ತೊಂದು ಹೆಣ್ಣದ, ಕೊಟ್ಟಾಗ್ಯದ" ಎಂದು ಸೇರಿಸುತ್ತಿದ್ದರು. ಕೇಳಿದವರ ಕಣ್ಣು ನನ್ನ ಕಡೆ ತಿರುಗಿದರೆ ನಾನು ಬಾಯಿ ತೆರೆಯುವ ಮೊದಲೇ ಉತ್ತರ ಹೊರಟಿರುತ್ತಿತ್ತು.

"ಇಕಿಗಿ ಸದ್ಯಕ್ಕ ಒಂದು."

ಆ ‘ಸದ್ಯಕ್ಕ’ ಕೇಳಿದಾಗಲೆಲ್ಲ ನಾನು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ. ಆಗ ನನಗೆ ಮೂವತ್ನಾಲ್ಕು. ಮಗಳು ಒಂದನೆಯ ತರಗತಿ. ನಾನು ಚಿತ್ತಾಪುರದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದೆ, ಗಂಡ ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಎರಡನೆಯ ಮಗು ಬೇಕಿದ್ದರೆ ಈಗಲೇ ಮನಸ್ಸು ಮಾಡಬೇಕು, ಆರಾಮಾಗಿ ವಿಚಾರ ಮಾಡಿ ಬರುತ್ತೇವೆ ಅನ್ನುವ ಹಾಗಿಲ್ಲ ಎಂದು ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದ್ದರು. ಗಂಡನನ್ನು ಕೇಳಿದರೆ ಒಂದೇ ಉತ್ತರ: "ನೀ ಹ್ಯಾಂಗಂತಿ ಹಂಗ." ಕೇಳಿದವರಿಗೆ ಇದು ದೊಡ್ಡ ಮನಸ್ಸಿನ ಮಾತಿನಂತೆ ಕಾಣುತ್ತದೆ. ಹೊರೆಯನ್ನು ಮೆಲ್ಲಗೆ ಹೆಂಡತಿಯ ತಲೆಗೆ ದಾಟಿಸುವ ಉಪಾಯ ಎಂಬುದು ಹೆಂಡತಿಗೆ ಮಾತ್ರ ಗೊತ್ತಿರುತ್ತದೆ.

ನನಗೆ ಒಂದೇ ಸಾಕಿತ್ತು. ಶಾಲೆಯಿಂದ ಬಂದು, ಮಗಳ ಜಡೆ ಬಿಚ್ಚಿ, ಅವಳ ಆ ದಿನದ ತಕರಾರುಗಳನ್ನೆಲ್ಲ ಕೇಳುತ್ತ ಚಹಾ ಕುಡಿಯುವ ಹೊತ್ತು ಇದೆಯಲ್ಲ, ಅದನ್ನು ಯಾರೊಂದಿಗೂ ಹಂಚಿಕೊಳ್ಳುವ ಮನಸ್ಸಿರಲಿಲ್ಲ. ಆದರೆ ಹೆದರಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಹೆಣ್ಣುಮಗು, ನಾಳೆ ಲಗ್ನವಾಗಿ ಹೋಗುತ್ತದೆ. ಮಗಳ ಮನೆಗೆ ಹೋಗಿ ಇರುವುದು ನಮ್ಮವರಲ್ಲಿ ಪದ್ಧತಿಯಲ್ಲ. ಹೋದರೂ ಒಂದು ಹೊತ್ತು ಉಂಡು ಸಂಜೆಯ ಬಸ್ಸಿಗೆ ಹೊರಟುಬಿಡಬೇಕು. ಹಾಗಾದರೆ ಕೈಕಾಲು ಸೋತ ಕಾಲಕ್ಕೆ ನಾವಿಬ್ಬರು ಎಲ್ಲಿರಬೇಕು? ಈ ಪ್ರಶ್ನೆ ಬಂದಾಗ ನನ್ನ ಧೈರ್ಯವೆಲ್ಲ ಸೋರಿಹೋಗುತ್ತಿತ್ತು.

ನನ್ನ ಮಾವನವರಿಗೆ ಇಂಥ ಚಿಂತೆ ಇರಲಿಲ್ಲ. ಅವರು ಪ್ರಾಥಮಿಕ ಶಾಲೆಯ ಮಾಸ್ತರರು. ದಂಡೋತಿಯಲ್ಲಿ ಕೆಲವು ವರ್ಷ, ಶಹಾಬಾದದಲ್ಲಿ ಕೆಲವು ವರ್ಷ, ಹೀಗೆ ವರ್ಗವಾದಲ್ಲೆಲ್ಲ ಬಾಡಿಗೆ ಮನೆ ಹಿಡಿದು ಸಂಸಾರ ಮಾಡಿದವರು. ಸ್ವಂತದ್ದೊಂದು ಕಟ್ಟಿಸಿ ಎಂದು ಯಾರಾದರೂ ಅಂದರೆ ನಕ್ಕು, "ನನಗ ಮೂರು ಗಂಡು ಅವ. ಮೂರು ಮನಿ ಇದ್ದಂಗೇ" ಎನ್ನುತ್ತಿದ್ದರಂತೆ. ಆ ಮನೆಗಳಲ್ಲಿ ಇರುವ ಯೋಗ ಅವರಿಗೆ ಬರಲಿಲ್ಲ. ನಿವೃತ್ತಿಯಾಗಿ ಸ್ವಲ್ಪ ದಿನಕ್ಕೇ ತೀರಿಹೋದರು. ಮೂರೂ ಮನೆ ಅತ್ತೆಯ ಪಾಲಿಗೆ ಬಂದವು.

ಹದಿಮೂರನೆಯ ದಿನದ ಊಟವಾದ ಮೇಲೆ ಅಣ್ಣತಮ್ಮಂದಿರು ಕುಳಿತು ಪಾಳಿ ಹಾಕಿದರು. ಅವ್ವ ಒಬ್ಬೊಬ್ಬರ ಮನೆಯಲ್ಲಿ ನಾಲ್ಕು ನಾಲ್ಕು ತಿಂಗಳು. ದೊಡ್ಡ ಮಗ ಸೇಡಂನವರು, ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿದ್ದವರು. ಅವರಿಗೆ ಫಾಲ್ಗುಣದಿಂದ ಜ್ಯೇಷ್ಠ. ಕಿರಿಯರಾದ ನಮಗೆ ಆಷಾಢದಿಂದ ಆಶ್ವೀಜ. ನಡುವಿನವರು ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರ ಮ್ಯಾನೇಜರು. ಅವರಿಗೆ ಕಾರ್ತೀಕದಿಂದ ಮಾಘ. ಚೊಕ್ಕ ಭಾಗಾಕಾರ. ಗಣಿತದಾಕೆ ನಾನೂ ಅಲ್ಲೇ ಕುಳಿತಿದ್ದೆ, ತಲೆಯಾಡಿಸಿದ್ದೆ. ಚಾತುರ್ಮಾಸ್ಯದ ವ್ರತವೆಲ್ಲ ನಮ್ಮ ಪಾಲಿಗೇ ಬಿತ್ತೆಂದು ಹೊಳೆದದ್ದು ಮನೆಗೆ ಬಂದ ಮೇಲೆ. ಒಂದು ತಿಂಗಳು ಕಾಯಿಪಲ್ಯ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಆಮೇಲೆ ಬೇಳೆಯೂ ಇಲ್ಲ. ಮಡಿಯಲ್ಲಿ ಇಷ್ಟೆಲ್ಲ ಬಿಟ್ಟು ಅಡಿಗೆ ಮಾಡಿ ಶಾಲೆಯ ಪ್ರಾರ್ಥನೆಗೆ ಮುಟ್ಟಬೇಕು. ದೊಡ್ಡ ಭಾವನ ಹೆಂಡತಿ, ಸೇಡಂನ ನನ್ನ ನೆಗೆಣ್ಣಿಗೆ ಮಾವಿನಹಣ್ಣಿನ ಕಾಲ, ನನಗೆ ವ್ರತದ ಕಾಲ. ಹೊಟ್ಟೆ ಉರಿಯದೆ ಇರುತ್ತದೆಯೇ?

ಅತ್ತೆ ಮಾತ್ರ ಖುಷಿಯಾಗಿದ್ದರು. ಮೂವರು ಮಕ್ಕಳ ಮನೆ ತಿರುಗುವ ವಿಧವೆ ಎಂದರೆ ಓದುವವರ ಕಣ್ಣು ಒದ್ದೆಯಾದೀತು, ಅದರ ಜರೂರಿಲ್ಲ. ಅವರು ಬರುತ್ತಿದ್ದುದು ಶಾಲೆಯ ತಪಾಸಣೆಗೆ ಬಂದ ಸಾಹೇಬರ ಹಾಗೆ. ಸೇಡಂನ ಉಪ್ಪಿನಕಾಯಿ ನಮ್ಮಲ್ಲಿಗೆ, ನಮ್ಮ ಮೆಂತ್ಯದ ಹಿಟ್ಟು ಶಹಾಬಾದಕ್ಕೆ, ಶಹಾಬಾದದ ಸುದ್ದಿ ಮತ್ತೆ ಸೇಡಂಗೆ. ಎಲ್ಲವೂ ಒಂದೇ ನೀಲಿ ರೆಕ್ಸಿನ್ ಚೀಲದಲ್ಲಿ. ಆ ಚೀಲವನ್ನು ಅವರು ಎಲ್ಲಿಯೂ ಪೂರ್ತಿ ಬಿಚ್ಚುತ್ತಿರಲಿಲ್ಲ. ಉಡುವ ಸೀರೆ ತೆಗೆಯುವುದು, ಒಗೆದು ಒಣಗಿಸಿ ಮಡಚಿ ಮತ್ತೆ ಅದರಲ್ಲೇ ಇಡುವುದು. ಕಪಾಟಿನಲ್ಲಿ ಜಾಗ ಮಾಡಿಕೊಟ್ಟಿದ್ದೆ. "ನಾಕು ತಿಂಗಳಿಗಿ ಯಾಕ ಬಿಚ್ಚಲಿ? ಮತ್ತ ಕಟ್ಟೋದೇ ಅದ" ಎನ್ನುತ್ತಿದ್ದರು. ಪಾಳಿ ಮುಗಿಯುವ ದಿನ ಬೆಳಿಗ್ಗೆಯೇ ಚೀಲ ಹೊಸ್ತಿಲ ಹತ್ತಿರ ಬಂದು ಕುಳಿತಿರುತ್ತಿತ್ತು.

ನನ್ನ ಮೇಲೆ ಅವರ ಒತ್ತಾಯ ನಡೆಯುತ್ತಿದ್ದುದು ಹೆಚ್ಚಾಗಿ ಹೂಬತ್ತಿ ಹೊಸೆಯುವಾಗ.

"ನೋಡವಾ, ನನಗ ಮೂರು ಮನಿ ಅವ. ಒಂದ್ರಾಗ ಬ್ಯಾಸರಾದ್ರ ಇನ್ನೊಂದು. ನೀ ಒಂದೇ ಅಂತಿ, ಅದೂ ಹೆಣ್ಣು. ಆಕಿ ಗಂಡನ ಮನಿಗಿ ಹೋದ ಮ್ಯಾಲ ನೀವು ಯಾರ ಮನ್ಯಾಗ ಇರ್ತೀರಿ?"

ಅದೇ ನನ್ನ ಹೆದರಿಕೆಯೂ ಆಗಿತ್ತು, ಅದಕ್ಕೇ ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಅಂದೇಬಿಟ್ಟೆ: "ಮೂರು ಹಡದು ನೀವೇನು ಒಂದು ಕಡಿ ಕುಂತೀರೇನ್ರಿ ಅತ್ಯಾ? ಚೀಲ ಹಿಡಕೊಂಡು ತಿರಗಲಿಕತ್ತೀರಿ."

ಅವರಿಗೆ ಬೇಜಾರಾಗಲಿಲ್ಲ. ಬತ್ತಿ ಹೊಸೆಯುವುದನ್ನೂ ನಿಲ್ಲಿಸಲಿಲ್ಲ. "ತಿರಗಲಿಕ್ಕ ಜಾಗರೆ ಅದ ಅಲ್ಲ" ಎಂದರು. ನಾನು ಎದ್ದು ಒಲೆಯ ಮೇಲಿನ ಹಾಲು ನೋಡಲು ಹೋದೆ. ಹಾಲು ಉಕ್ಕುವ ಹಂತದಲ್ಲೇನೂ ಇರಲಿಲ್ಲ.

ಹೀಗಿರುವಾಗ ಅಧಿಕ ಮಾಸ ಬಂತು. ಚಂದ್ರನ ತಿಂಗಳುಗಳನ್ನೂ ಸೂರ್ಯನ ವರ್ಷವನ್ನೂ ಸರಿದೂಗಿಸಲು ಪಂಚಾಂಗದಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚಿಗೆ ಸೇರುತ್ತದೆ. ಆ ವರ್ಷ ಬಂದದ್ದು ಅಧಿಕ ಆಷಾಢ. ಮೊದಲು ಅದು, ಆಮೇಲೆ ನಿಜ ಆಷಾಢ. ಅಂದರೆ ವರ್ಷಕ್ಕೆ ಹದಿಮೂರು ತಿಂಗಳು. ಪಂಚಾಂಗ ನೋಡದೆ ಹೊಸ ಕಸಬರಿಗೆ ಕೂಡ ತರದ ಮನೆತನ ನಮ್ಮದು. ಏಕಾದಶಿ ಯಾವಾಗ, ಗ್ರಹಣ ಎಷ್ಟು ಹೊತ್ತಿಗೆ ಎಂದು ಯಾರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಅಂಥ ಮೂವರು ಗಂಡುಮಕ್ಕಳು, ಮೂವರು ಸೊಸೆಯರು ಕೂಡಿ ಪಾಳಿ ಹಾಕಿದಾಗ ಹದಿಮೂರನೆಯ ತಿಂಗಳೊಂದು ಬಂದೀತು ಎಂದು ಯಾರಿಗೂ ನೆನಪಾಗಿರಲಿಲ್ಲ.

ಜ್ಯೇಷ್ಠದ ಅಮಾವಾಸ್ಯೆ ಹತ್ತಿರ ಬಂದಾಗ ಸೇಡಂನಿಂದ ನೆಗೆಣ್ಣಿಯ ಫೋನು. ಅಧಿಕ ಮಾಸದ ಪುಣ್ಯಕ್ಕೆಂದು ಅವರು ಬದರಿ ಯಾತ್ರೆಗೆ ಹೊರಟಿದ್ದರು, ಟಿಕೆಟ್ಟು ಯಾವಾಗಲೋ ತೆಗೆಸಿಯಾಗಿತ್ತು.

"ಜ್ಯೇಷ್ಠ ಮುಗೀತು ನೋಡವಾ. ನಮ್ಮ ನಾಕು ತಿಂಗಳು ಬರೋಬರಿ ಆದವು. ಇನ್ನ ಆಷಾಢ ನಿಮ್ಮದು."

"ಇದು ಅಧಿಕ ಆಷಾಢ ಅದ ಅಕ್ಕಾ. ನಮ್ಮ ಪಾಳಿ ನಿಜ ಆಷಾಢದಿಂದ."

ನಾನು ಹಟಕ್ಕೆ ಅಂದದ್ದಲ್ಲ. ನಮ್ಮ ಮನೆಯ ನೆಲವನ್ನೆಲ್ಲ ಆಗ ಅಗೆಸಿ ಹಾಕಿದ್ದೆವು. ಹಳೆಯ ಫರ್ಸಿ ಎಬ್ಬಿಸಿ ಹೊಸದು ಕೂಡಿಸಬೇಕಿತ್ತು. ಚಾತುರ್ಮಾಸ್ಯಕ್ಕೆ ಅತ್ತೆ ಬರುವುದರೊಳಗೆ ಮುಗಿಸಬೇಕೆಂದೇ ಆ ತಿಂಗಳು ಹಿಡಿದಿದ್ದು. ಪಡಸಾಲೆಯಲ್ಲಿ ಸ್ಟೋವ್ ಇಟ್ಟುಕೊಂಡು ಅನ್ನ ಬೇಯಿಸುತ್ತಿದ್ದೆವು, ಮಲಗುವುದು ಮರಳಿನ ಚೀಲಗಳ ಪಕ್ಕ. ಶಹಾಬಾದದ ನಡುವಿನ ಭಾವನವರನ್ನೂ ಫೋನಿಗೆ ಸೇರಿಸಿಕೊಂಡೆವು. ಅವರಂದರು: "ನನ್ನ ಪಾಳಿ ಕಾರ್ತೀಕಕ್ಕ. ನಡಬರಕ ನನ್ನ ಯಾಕ ಎಳೀತೀರಿ?" ಹಾಗೆಂದು ಯಾರೂ ಒಲ್ಲೆ ಎನ್ನಲಿಲ್ಲ. ಸ್ವಲ್ಪ ಜಗ್ಗಾಡಿದ ಮೇಲೆ ಮೂರೂ ಕಡೆಯಿಂದ ಒಂದೇ ಮಾತು ಬಂತು: "ಆಗಲಿ ಬಿಡ್ರಿ, ನಮ್ಮ ಕಡಿಗೇ ಕಳಸ್ರಿ."

ಆ ‘ಆಗಲಿ ಬಿಡ್ರಿ’ಯಲ್ಲಿ ಏನಿದೆ ಎಂದು ತಿಳಿಯಲಾರದಷ್ಟು ಮುಗ್ಧರಲ್ಲ ಅತ್ತೆ. ಸೇಡಂನಲ್ಲಿ ಫೋನಿನ ಸ್ಪೀಕರ್ ಹಾಕಿತ್ತು, ಅವರು ಪಕ್ಕದಲ್ಲೇ ಇದ್ದರು. ಅವರ ದನಿ ಕೇಳಿಸಿತು.

"ಈ ತಿಂಗಳು ಯಾರದೂ ಅಲ್ಲ ಅಂದ್ರ ನಂದೇ ಆಯ್ತು. ನಾ ಐನಾಪುರಕ್ಕ ಹೋಗ್ತೀನಿ."

ಚಿಂಚೋಳಿ ತಾಲೂಕಿನ ಐನಾಪುರ ನನ್ನ ನಾದಿನಿಯ ಊರು, ಅತ್ತೆ ಲೆಕ್ಕದಲ್ಲಿ ಕೊನೆಗೆ ಸೇರಿಸುತ್ತಿದ್ದ ಆ ‘ಕೊಟ್ಟಾದ’ ಮಗಳದು. ಅವಳ ಗಂಡ ಅಲ್ಲಿ ಶಾಲೆಯ ಮಾಸ್ತರ್, ಹನುಮಂತ ದೇವರ ಪೂಜೆಯೂ ಅವರದೇ.

"ಒಂದು ತಿಂಗಳು ಮಗಳ ಮನ್ಯಾಗ? ಜನ ಏನಂತಾರವ್ವಾ?" ಎಂದರು ನನ್ನ ಗಂಡ.

"ಅಧಿಕ ಮಾಸದಾಗ ಅಳಿಯಗ ಅನಾರಸ ಕೊಡಬೇಕಿಲ್ಲೇನು? ಕರದು ಕೊಡ್ಲಿಕ್ಕ ನನಗ ಮನಿ ಎಲ್ಲದ? ಅದಕ್ಕ ನಾನೇ ಹೋಗಿ ಕೊಡ್ತೀನಿ."

ಅಕ್ಕಿಹಿಟ್ಟು ಬೆಲ್ಲ ಕಲಸಿ, ಕಸಕಸಿ ಒತ್ತಿ, ತುಪ್ಪದಲ್ಲಿ ಕರಿದ ಅನಾರಸವನ್ನು ದೀಪದ ಜೊತೆ ತಟ್ಟೆಯಲ್ಲಿಟ್ಟು, ಅಳಿಯನನ್ನು ಮನೆಗೆ ಕರೆದು ಕೊಡುವುದು ಆ ತಿಂಗಳ ಪದ್ಧತಿ. ಮನೆಗೆ ಕರೆದು. ಮೂರು ಮನೆ ಅವ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದವರ ಬಾಯಿಂದ "ನನಗ ಮನಿ ಎಲ್ಲದ" ಎಂಬ ಮಾತು ಬಂದಿತ್ತು. ವಾದದಲ್ಲಿ ನಾನು ಗೆದ್ದಂತೆಯೇ ಆಗಿತ್ತು, ಆದರೆ ಒಂದಿಷ್ಟೂ ಸಂತೋಷವಾಗಲಿಲ್ಲ. ಮೂರಿದ್ದೂ ಹೀಗಾದರೆ ಒಂದಿದ್ದವಳ ಗತಿ ಏನು ಎಂದು ಅಗೆದ ನೆಲದ ಮೇಲೆ ಕುಳಿತು ಮೊದಲ ಸಲ ಗಟ್ಟಿಯಾಗಿ ಹೆದರಿದೆ.

"ಇನ್ನೊಂದು ಆಗಲೇನ್ರಿ?" ಎಂದು ಗಂಡನನ್ನು ಕೇಳಿದೆ.

"ನೀ ಹ್ಯಾಂಗಂತಿ ಹಂಗ" ಎಂದರು.

ಪಕ್ಕದಲ್ಲಿದ್ದ ಫರ್ಸಿಯೊಂದನ್ನು ಎತ್ತಿ ಕಾಲ ಮೇಲೆ ಹಾಕಿಬಿಡಲೇ ಅನ್ನಿಸಿತು. ನನ್ನ ಕಾಲ ಮೇಲಲ್ಲ.

ಅಧಿಕ ಮಾಸ ಮುಗಿಯಿತು. ನಿಜ ಆಷಾಢದ ಮೊದಲ ಭಾನುವಾರ ಅತ್ತೆಯನ್ನು ಕರೆತರಲು ನಾವಿಬ್ಬರು ಮಗಳೊಂದಿಗೆ ಹೊರಟೆವು. ಸೇಡಂವರೆಗೆ ರೈಲು, ಅಲ್ಲಿಂದ ಚಿಂಚೋಳಿಗೆ ಬಸ್ಸು, ಮತ್ತೆ ಐನಾಪುರಕ್ಕೆ ಇನ್ನೊಂದು. ಮಳೆಯಾಗಿತ್ತು, ಹೊಲಗಳಲ್ಲಿ ತೊಗರಿ ಆಗಷ್ಟೇ ಮೊಳೆತಿತ್ತು. ದಾರಿಯುದ್ದಕ್ಕೂ ನಾನು ಸಮಾಧಾನದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಹೊಸ್ತಿಲಲ್ಲಿ ಚೀಲ ಕಟ್ಟಿಟ್ಟುಕೊಂಡು, ಮಗಳ ಮನೆಯಲ್ಲಿ ಉಳಿದ ಸಂಕೋಚಕ್ಕೆ ಮುಖ ಸಣ್ಣದು ಮಾಡಿಕೊಂಡು ಕುಳಿತಿರುತ್ತಾರೆ ಎಂದುಕೊಂಡಿದ್ದೆ.

ಅತ್ತೆ ಪಡಸಾಲೆಯಲ್ಲಿ ಕಾಲು ನೀಡಿ ಗೋಡೆಗೆ ಒರಗಿದ್ದರು. ಮುಂದೆ ಮೊರದಲ್ಲಿ ಬೇಳೆ, ಒಳಗಿದ್ದ ಮಗಳೊಂದಿಗೆ ಏನೋ ದೊಡ್ಡ ದನಿಯ ಜಗಳ. ಒಗ್ಗರಣೆಗೆ ಇಂಗು ಹೆಚ್ಚಾಯಿತೆಂದು ಇವರು, ಇಲ್ಲವೆಂದು ಅವಳು. ನಮ್ಮ ಮನೆಯಲ್ಲಿ ಅವರು ಕಾಲು ನೀಡಿದ್ದನ್ನು ನಾನು ಕಂಡಿರಲಿಲ್ಲ, ಜಗಳವಾಡಿದ್ದನ್ನೂ ಕಂಡಿರಲಿಲ್ಲ. ನಮ್ಮಲ್ಲಿ ಅವರು ಉಪದೇಶ ಮಾಡುತ್ತಿದ್ದರು, ಅದು ಬೇರೆ. ಹೊಸ್ತಿಲಲ್ಲಿ ಚೀಲ ಇರಲಿಲ್ಲ.

"ಅಜ್ಜಿ, ನಿನ್ನ ಚೀಲ ಎಲ್ಲದ?" ಎಂದು ಕೇಳಿದವಳು ನನ್ನ ಮಗಳು.

ನಾದಿನಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ನಕ್ಕಳು. "ಅದರಾಗ ಹುಣಸಿಹಣ್ಣು ತುಂಬೀನವಾ. ಇಲಿ ಭಾಳ ಆಗ್ಯಾವ, ಈ ಚೀಲಕ್ಕ ಬಾಯಿ ಹಾಕಂಗಿಲ್ಲ ಅವು." ಅಡಿಗೆಮನೆಯ ಗೂಟಕ್ಕೆ ನೀಲಿ ರೆಕ್ಸಿನ್ ಚೀಲ ಹೊಟ್ಟೆ ಉಬ್ಬಿಸಿಕೊಂಡು ತೂಗಾಡುತ್ತಿತ್ತು. ಸೀರೆಗಳೆಲ್ಲ ನಾದಿನಿಯ ಟ್ರಂಕಿನಲ್ಲಿ ಅವಳ ಸೀರೆಗಳ ಜೊತೆ ಕಲೆತುಹೋಗಿದ್ದವು. ಅವಳು ಉಟ್ಟುಕೊಂಡಿದ್ದದ್ದೂ ಅತ್ತೆಯ ಸೀರೆಯೇ.

ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. "ನಮ್ಮನ್ಯಾಗೂ ಕಪಾಟದ ಅಲ್ರಿ ಅತ್ಯಾ" ಎಂದೆ.

"ಅದವಾ. ನಾ ಇಲ್ಲಂದೆನೇನು?" ಎಂದು ಬೇಳೆಯಲ್ಲಿ ಕೈಯಾಡಿಸಿದರು. ಆಮೇಲೆ, ತಾವೇ ಅದನ್ನು ಆಗಷ್ಟೇ ಕಂಡುಕೊಂಡವರ ಹಾಗೆ ಅಂದರು: "ಎಷ್ಟು ದಿನ ಇರ್ತಿ ಅಂತ ಇಕಿ ಕೇಳಲೇ ಇಲ್ಲ ನೋಡು."

ಊಟಕ್ಕೆ ನಾದಿನಿಯ ಗಂಡನೇ ನಿಂತು ಬಡಿಸಿದರು. ಅನಾರಸ ಇನ್ನೂ ಡಬ್ಬಿಯ ತಳದಲ್ಲಿ ಉಳಿದಿತ್ತು. ಜನ ಏನಂದರು ಎಂದು ನನ್ನ ಗಂಡ ಮೆಲ್ಲಗೆ ಕೇಳಿದರೆ, "ಓಣಿ ಹೆಣ್ಣುಮಕ್ಕಳು ದಿನಾ ಮಧ್ಯಾಹ್ನ ಅವ್ವನ ಕಡಿಂದ ಹಾಡು ಹೇಳಿಸ್ಕೊಳ್ಳಿಕ್ಕ ಬರ್ತಾರ, ಮತ್ತೇನಂತಾರ?" ಎಂದಳು ನಾದಿನಿ. ಅತ್ತೆ ಹೊರಡುವ ಹೊತ್ತಿಗೆ ಅಮ್ಮ ಮಗಳು ಇಬ್ಬರೂ ಅತ್ತರು, ಇಂಗಿನ ಜಗಳ ಮಾತ್ರ ಮುಗಿಸಲಿಲ್ಲ. ಚೀಲ ಅಲ್ಲೇ ಉಳಿಯಿತು. ಸೀರೆಗಳು ಒಂದು ಬಟ್ಟೆಯ ಗಂಟಿನಲ್ಲಿ ಬಂದವು, ಅದೂ ಅರ್ಧದಷ್ಟು.

ಸೇಡಂ ಬಸ್ಸಿನಲ್ಲಿ ಅತ್ತೆ ಮೊಮ್ಮಗಳೊಂದಿಗೆ ಮುಂದಿನ ಸೀಟಿನಲ್ಲಿದ್ದರು, ನಾವಿಬ್ಬರು ಹಿಂದೆ. ನನಗೆ ಮೊದಲು ಬಂದದ್ದು ಬರೀ ಖುಷಿ. ಅಗದೀ ಸರಳ ಆಯಿತಲ್ಲ, ನನಗೂ ಮಗಳಿದ್ದಾಳೆ, ಮುಂದಿನ ಚಿಂತೆ ಹರಿಯಿತು! ಆದರೆ ಬಸ್ಸು ಒಂದೆರಡು ಹಳ್ಳಿ ದಾಟುವಷ್ಟರಲ್ಲಿ ಆ ಖುಷಿಯಲ್ಲಿ ಏನೋ ಹುಳುಕು ಕಂಡಿತು. ಇದು ಮಾವನವರ ಲೆಕ್ಕವೇ. ಮಗ ಎಂದಿದ್ದ ಕಡೆ ಮಗಳು ಎಂದು ಬರೆದದ್ದಷ್ಟೇ. ನಾದಿನಿಯನ್ನು ಯಾರೂ ಮುಪ್ಪಿನ ಮನೆ ಎಂದು ಎಣಿಸಿ ಹಡೆದಿರಲಿಲ್ಲ. ಅವಳು ಯಾವ ಪಾಳಿಯಲ್ಲೂ ಇರಲಿಲ್ಲ. ಅದಕ್ಕೇ ಎಷ್ಟು ದಿನ ಎಂದು ಕೇಳಲು ಅವಳಿಗೆ ತೋಚಲಿಲ್ಲ. ಜಡೆ ಎಳೆದುಕೊಂಡು ಅಜ್ಜಿಯ ತೊಡೆಯ ಮೇಲೆ ಒರಗಿದ್ದ ಈ ಆರು ವರ್ಷದವಳ ಮೇಲೆ ನಾನು ಈಗಿನಿಂದಲೇ ನನ್ನ ಮುಪ್ಪನ್ನು ಹೇರಿದರೆ ಅವಳದೂ ಒಂದು ಪಾಳಿಯೇ ಆಗುತ್ತದೆ. ನಾವು ಎಲ್ಲಿರಬೇಕೆಂಬುದು ನಾನೂ ನನ್ನ ಗಂಡನೂ ಕೂಡಿ ಯೋಚಿಸಬೇಕಾದ ಮಾತು. ಹೊಸ ಫರ್ಸಿ ಹಾಕಿದ ನಮ್ಮದೇ ಎರಡು ಕೋಣೆ ಇವೆ. ಎಷ್ಟು ಮಕ್ಕಳು ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ನನಗೆ ಮೊದಲಿನಿಂದಲೂ ಗೊತ್ತಿತ್ತು.

"ನನಗ ಒಂದೇ ಸಾಕ್ರಿ" ಎಂದೆ.

"ನೀ ಹ್ಯಾಂಗ..."

"ನಾ ಹ್ಯಾಂಗಂತೀನಿ ಅಂತ ಹೇಳಿದೆ. ಇನ್ನ ನೀವು ಹ್ಯಾಂಗಂತೀರಿ ಹೇಳ್ರಿ. ಹೇಳದ ಹೊರತು ಸೇಡಂದಾಗ ಇಳಿಯಂಗಿಲ್ಲ ನಾ."

ಅವರು ನನ್ನ ಕಡೆ ತಿರುಗಿದರು. "ಖರೆ ಹೇಳ್ಲೇನು? ನನಗೂ ಒಂದೇ ಸಾಕು ಅಂತ ಅದ. ನಿನಗ ಇನ್ನೊಂದು ಬೇಕಿದ್ದೀತು, ನಾ ಒಲ್ಲೆ ಅಂದ್ರ ನಿನಗ ಕೆಟ್ಟನಿಸೀತು ಅಂತ ಸುಮ್ಮಿದ್ದೆ."

ಇಷ್ಟು ದಿನ ನಾನು ಒಬ್ಬಳೇ ಹೊತ್ತುಕೊಂಡಿದ್ದೇನೆಂದು ತಿಳಿದದ್ದನ್ನು ಈ ಮನುಷ್ಯ ಆ ತುದಿಯಲ್ಲಿ ಹಿಡಿದು ನಿಂತಿದ್ದ. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮುಂದಿನ ಸೀಟಿನಲ್ಲಿ ಅತ್ತೆ ಕಣ್ಣು ಮುಚ್ಚಿ ನಿದ್ದೆಯಲ್ಲಿದ್ದರು. ಅವರು ಬಸ್ಸಿನಲ್ಲಿ ಎಂದೂ ನಿದ್ದೆ ಮಾಡುವವರಲ್ಲ.

ಆ ಮಾತಿಗೆ ವರ್ಷಗಳಾದವು. ಮಗಳು ಈಗ ಕಾಲೇಜು, ನನಗಿಂತ ಎತ್ತರ, ನನಗಿಂತ ಹೆಚ್ಚು ಸಿಟ್ಟಿನವಳು. ಪಾಳಿ ಇನ್ನೂ ನಡೆದಿದೆ. ನಿಲ್ಲಿಸೋಣವೆಂದರೆ ಅತ್ತೆಯೇ ಒಪ್ಪುವುದಿಲ್ಲ, ಸುದ್ದಿಗಳು ಊರಿಂದ ಊರಿಗೆ ಹೋಗುವುದು ಹೇಗೆ ಎನ್ನುತ್ತಾರೆ. ಅಧಿಕ ಮಾಸ ಬಂದರೆ ಮಾತ್ರ ಯಾರೂ ಫೋನು ಮಾಡುವುದಿಲ್ಲ, ಆ ತಿಂಗಳು ಐನಾಪುರದ್ದು. ಅವರ ಸೀರೆಗಳು ಈಗ ನಾಲ್ಕೂ ಮನೆಯಲ್ಲಿ ಒಂದಷ್ಟು ಒಂದಷ್ಟು ಉಳಿದುಕೊಂಡಿವೆ. ನಮ್ಮ ಕಪಾಟಿನಲ್ಲಿ ನನ್ನ ಸೀರೆ ಯಾವುದು, ಅವರದು ಯಾವುದು ಎಂದು ಆಗಾಗ ಗಲಿಬಿಲಿಯಾಗುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿರುವುದು ಆ ದಿನ ಸೇಡಂನಿಂದ ಹಿಡಿದ ರೈಲು. ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಎದುರಿಗೆ ಒಬ್ಬ ಹೆಂಗಸು, ತೊಡೆಯ ಮೇಲೆ ಬಾಳೆಹಣ್ಣಿನ ಬುಟ್ಟಿ. ಗಾಡಿ ಹೊರಟ ಮೇಲೆ ಊರು ಕೇಳಿದಳು. ನಾವು ಹೇಳಿದೆವು. ಆಮೇಲೆ ಬರಬೇಕಾದದ್ದು ಬಂತು.

"ಮಕ್ಕಳೆಷ್ಟವ್ವಾ?"

ಅತ್ತೆ ಸೆರಗು ಸರಿಮಾಡಿಕೊಂಡರು. "ನಾಕು" ಎಂದರು, ಒಂದೇ ಉಸಿರಿಗೆ.

ಹೆಂಗಸಿನ ಕಣ್ಣು ನನ್ನ ಮೇಲೆ ಬಂತು. ನಾನು ಬಾಯಿ ತೆರೆಯುವ ಮೊದಲೇ, ಯಾವಾಗಲೂ ಹಾಗೆಯೇ, ಅವರು ಹೇಳಿಬಿಟ್ಟರು.

"ಇಕಿಗಿ ಒಂದು."

ಇಷ್ಟು ಹೇಳಿ ಮೊಮ್ಮಗಳ ಬಿಚ್ಚಿದ ಜಡೆಯನ್ನು ಹೆಣೆಯತೊಡಗಿದರು. ಹಿಂದಿನಿಂದ ಆ ‘ಸದ್ಯಕ್ಕ’ ಬಂದೀತೆಂದು ನಾನು ಮಳಖೇಡ ಸ್ಟೇಷನ್ ದಾಟುವವರೆಗೂ ಕಾದೆ. ಬರಲಿಲ್ಲ.